ಪ್ವಾರೋ ಒಬ್ಬನೇ, ವೇಷ ಕಟ್ಟಿದವರು ಹಲವರು: ಯಾರದ್ದನ್ನು ಮೊದಲು ನೋಡಬೇಕು?

ಅಗಾಥಾ ಕ್ರಿಸ್ಟಿಯ ಪತ್ತೇದಾರ ಹರ್ಕ್ಯೂಲ್ ಪ್ವಾರೋನನ್ನು ಪರದೆ ಮೇಲೆ ನೋಡಬೇಕು ಅಂತಿದೆ, ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಬ್ಬರನ್ನೇ ನೋಡುವುದಾದರೆ ಡೇವಿಡ್ ಸೂಶೇ. ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದಾದರೆ ಪೀಟರ್ ಉಸ್ತಿನೋವ್. ಒಂದೇ ಸಂಜೆ, ಒಂದೇ ಸಿನಿಮಾ ಅಂದರೆ ಆಲ್ಬರ್ಟ್ ಫಿನ್ನಿ. ಕೆನೆತ್ ಬ್ರಾನಾ ಆಮೇಲೆ. ಜಾನ್ ಮಾಲ್ಕೊವಿಚ್ ಎಲ್ಲರಿಗಿಂತ ಕೊನೆಗೆ, ಅದೂ ಪ್ವಾರೋ ನಿಮಗೆ ಚೆನ್ನಾಗಿ ಪರಿಚಯ ಆದ ಮೇಲೆ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಬೇಕಾದವರಿಗೆ ಮುಂದೆ ಬರೆದಿದ್ದೇನೆ. ಕೊಲೆಗಾರ ಯಾರು ಅಂತ ಎಲ್ಲೂ ಬಿಟ್ಟುಕೊಟ್ಟಿಲ್ಲ, ಧೈರ್ಯವಾಗಿ ಓದಿ.

ಕತೆ ಗೊತ್ತಾದ ಮೇಲೆ ಪತ್ತೇದಾರಿ ಸಿನಿಮಾವನ್ನು ಎರಡನೇ ಸಲ ಯಾಕೆ ನೋಡಬೇಕು ಅಂತ ಕೆಲವರು ಕೇಳುತ್ತಾರೆ. ಶಿರಸಿ, ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಸ್ಮಾಸುರ ಕೊನೆಗೆ ತನ್ನ ತಲೆ ಮೇಲೆ ತಾನೇ ಕೈಯಿಟ್ಟುಕೊಳ್ಳುತ್ತಾನೆ ಅನ್ನುವುದು ಗೊತ್ತಿಲ್ಲದೆ ಯಾರೂ ಯಕ್ಷಗಾನದ ಆಟಕ್ಕೆ ಹೋದವರಲ್ಲ. ಹೋದದ್ದು ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಲಿಕ್ಕೆ. ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಮಾತಾಡಿಕೊಂಡದ್ದೂ ಪ್ರವೇಶ ಹೇಗಿತ್ತು, ಯಾವ ಪದ್ಯಕ್ಕೆ ಹೇಗೆ ಕುಣಿದರು, ಅರ್ಥ ಎಲ್ಲಿ ಜಾಸ್ತಿ ಎಳೆದರು ಅಂತ. ಪ್ವಾರೋನನ್ನೂ ಹಾಗೇ ನೋಡಬೇಕು. ಅದಕ್ಕೆ ಅನುಕೂಲವೂ ಇದೆ, ಎರಡು ಪ್ರಸಿದ್ಧ ಕತೆಗಳನ್ನು ಮೂವರು ಮೂವರು ಮಾಡಿದ್ದಾರೆ. 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' 1974ರಲ್ಲಿ ಫಿನ್ನಿ, 2010ರಲ್ಲಿ ಸೂಶೇ, 2017ರಲ್ಲಿ ಬ್ರಾನಾ. 'ಡೆತ್ ಆನ್ ದಿ ನೈಲ್' 1978ರಲ್ಲಿ ಉಸ್ತಿನೋವ್, 2004ರಲ್ಲಿ ಸೂಶೇ, 2022ರಲ್ಲಿ ಬ್ರಾನಾ. ಒಂದೇ ಕತೆ ಪಕ್ಕಪಕ್ಕ ಇಟ್ಟು ನೋಡಿದರೆ ಯಾರ ಕೈ ಎಷ್ಟು ಅಂತ ಬೇಗ ಗೊತ್ತಾಗುತ್ತದೆ.

ಮೊದಲು ಪುಸ್ತಕದ ಪ್ವಾರೋ ಎಂಥವನು ಅಂತ ಸ್ವಲ್ಪ ನೋಡೋಣ. 1920ರಲ್ಲಿ ಬಂದ ಕ್ರಿಸ್ಟಿಯ ಮೊದಲ ಕಾದಂಬರಿಯಲ್ಲೇ ಅವನಿದ್ದಾನೆ. ಬೆಲ್ಜಿಯಂ ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಅವನ ದೇಶಕ್ಕೆ ನುಗ್ಗಿದಾಗ ಇಂಗ್ಲೆಂಡಿಗೆ ಬಂದು ಸೇರಿಕೊಂಡ ನಿರಾಶ್ರಿತ. ಎತ್ತರ ಐದು ಅಡಿ ನಾಲ್ಕು ಇಂಚು. ಮೊಟ್ಟೆಯಾಕಾರದ ತಲೆ, ಅದನ್ನು ಯಾವಾಗಲೂ ಸ್ವಲ್ಪ ಒಂದು ಕಡೆಗೆ ವಾಲಿಸಿಕೊಂಡಿರುತ್ತಾನೆ. ಮಿರಮಿರ ಮಿಂಚುವ ಬೂಟು, ಬಿಗಿಯಾಗಿ ತಿದ್ದಿ ನಿಲ್ಲಿಸಿದ ಮೀಸೆ. ಬಟ್ಟೆ ಮೇಲೆ ಒಂದು ಕಣ ಧೂಳು ಬಿದ್ದರೆ ಗುಂಡೇಟಿಗಿಂತ ಜಾಸ್ತಿ ನೋವಾದೀತು ಅಂತ ಗೆಳೆಯ ಹೇಸ್ಟಿಂಗ್ಸ್ ಬರೆಯುತ್ತಾನೆ.

ಇದೆಲ್ಲ ಹೊರಗಿನದು. ಒಳಗಿನ ವಿಷಯ ಬೇರೆ ಇದೆ. ಇಂಗ್ಲಿಷ್ ದೊಡ್ಡಮನುಷ್ಯರು ಅವನನ್ನು ಲೆಕ್ಕಕ್ಕೇ ಇಡುವುದಿಲ್ಲ. ಪರದೇಶಿ, ಕುಳ್ಳ, ಸಿಂಗಾರ ಜಾಸ್ತಿ, ಮಾತು ತೊದಲು, ಇವನಿಂದ ಏನಾದೀತು ಅಂತ ಅವನ ಎದುರೇ ಏನೇನೋ ಆಡಿಬಿಡುತ್ತಾರೆ. ಅವನಿಗೆ ಬೇಕಾದದ್ದೂ ಅದೇ. 'ತ್ರೀ ಆಕ್ಟ್ ಟ್ರಾಜಿಡಿ' ಕಾದಂಬರಿಯ ಕೊನೆಯಲ್ಲಿ ಅವನೇ ಒಪ್ಪಿಕೊಳ್ಳುತ್ತಾನೆ: ನನಗೆ ಒಳ್ಳೆ ಇಂಗ್ಲಿಷ್ ಬರುತ್ತದೆ, ಆದರೆ ಹರಕುಮುರುಕಾಗಿ ಆಡಿದರೆ ಜನ ನನ್ನನ್ನು ಕೀಳಾಗಿ ಕಾಣುತ್ತಾರೆ, ಆಗ ಎಚ್ಚರ ತಪ್ಪುತ್ತಾರೆ ಅಂತ. ನನ್ನ ಪ್ರಕಾರ ಪ್ವಾರೋ ವೇಷಕ್ಕೆ ಇರುವ ಒರೆಗಲ್ಲು ಇದೊಂದೇ. ನಟ ತನ್ನನ್ನು ತಾನು ಸಣ್ಣವನಾಗಿ ಕಾಣಲಿಕ್ಕೆ ಬಿಡುತ್ತಾನಾ? ಬಿಟ್ಟರೆ ಕತೆ ಕೆಲಸ ಮಾಡುತ್ತದೆ. ಬಂದ ಮೊದಲ ಗಳಿಗೆಯಲ್ಲೇ ಎಲ್ಲರೂ ಅವನನ್ನು ಕಂಡು ಬೆರಗಾದರೆ, ಅವನ ಎದುರು ಬಾಯಿ ತಪ್ಪಿ ಮಾತಾಡುವವರು ಯಾರು?

ಸೂಶೇ: ಇಪ್ಪತ್ತೈದು ವರ್ಷದ ವೇಷ

1989ರ ಜನವರಿಯಲ್ಲಿ ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಶುರುವಾದ ಸರಣಿ 2013ರ ನವೆಂಬರಿನಲ್ಲಿ ಮುಗಿಯಿತು. ಒಟ್ಟು 70 ಕಂತು. ಕ್ರಿಸ್ಟಿ ಬರೆದ ಪ್ವಾರೋ ಕತೆಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಒಬ್ಬನೇ ನಟ ಮಾಡಿ ಮುಗಿಸಿದ್ದು ಇಲ್ಲಿ ಮಾತ್ರ. ಸೂಶೇ ಕೆಲಸಕ್ಕೆ ಇಳಿಯುವ ಮೊದಲು ಪುಸ್ತಕಗಳನ್ನೆಲ್ಲ ಓದಿ, ಪ್ವಾರೋನ ಗುಣ, ಅಭ್ಯಾಸ, ಹಟಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡರು. ಪಟ್ಟಿ 93ರವರೆಗೆ ಹೋಯಿತು. ತಮ್ಮ ಸಹಜವಾದ ಗಡಸು ದನಿ ಬಿಟ್ಟು, ಎದೆಯಿಂದ ಬರುವುದನ್ನು ತಲೆಗೆ ಏರಿಸಿ, ಹಗುರಾದ ಒಂದು ದನಿ ಮಾಡಿಕೊಂಡರು. ಮೈಗೆ ಹೊಟ್ಟೆ ಕಟ್ಟಿಕೊಂಡರು. ನಡಿಗೆ ನೋಡಬೇಕು ನೀವು: ತೊಡೆ ಒತ್ತಿಕೊಂಡು, ಸಣ್ಣ ಸಣ್ಣ ಹೆಜ್ಜೆ, ಮೇಲ್ಮೈ ಅಲ್ಲಾಡುವುದೇ ಇಲ್ಲ.

ಇಷ್ಟೇ ಆಗಿದ್ದರೆ ಅದು ಅನುಕರಣೆ ಆಗುತ್ತಿತ್ತು. ಕ್ರಿಸ್ಟಿಯ ಮಗಳು ರೋಸಲಿಂಡ್ ಹಿಕ್ಸ್ ಶುರುವಿನಲ್ಲೇ ಸೂಶೇಯವರನ್ನು ಊಟಕ್ಕೆ ಕರೆದು ಒಂದು ಮಾತು ಹೇಳಿದ್ದರು. ಪ್ವಾರೋನ ಜೊತೆ ಸೇರಿ ನಗಬಹುದು, ಪ್ವಾರೋನನ್ನು ನೋಡಿ ನಗುವ ಹಾಗೆ ಆಗಬಾರದು ಅಂತ. ಆ ಗೆರೆಯನ್ನು ಸೂಶೇ ಕೊನೆವರೆಗೂ ದಾಟಲಿಲ್ಲ. ಮೊದಲ ಕಂತು 'ದಿ ಅಡ್ವೆಂಚರ್ ಆಫ್ ದಿ ಕ್ಲಾಪಮ್ ಕುಕ್' ನೋಡಿ. ಒಬ್ಬ ಹೆಂಗಸು ಬಂದು ತನ್ನ ಮನೆಯ ಅಡುಗೆಯವಳು ಕಾಣೆಯಾಗಿದ್ದಾಳೆ, ಹುಡುಕಿಕೊಡಿ ಅನ್ನುತ್ತಾಳೆ. ನಾನು ಇಂಥ ಸಣ್ಣ ಕೇಸು ಹಿಡಿಯುವವನಲ್ಲ ಅನ್ನುತ್ತಾನೆ ಪ್ವಾರೋ. ದೊಡ್ಡವರ ಮುತ್ತಿನ ಹಾರ ಕಳೆದರೆ ಹುಡುಕುತ್ತೀರಿ, ನನಗೆ ನನ್ನ ಅಡುಗೆಯವಳೇ ಮುತ್ತು ಅಂತ ಅವಳು ತಿರುಗಿ ಕೊಡುತ್ತಾಳೆ. ಆಗ ಸೂಶೇ ಮುಖ ನೋಡಿ. ಒಂದು ಕ್ಷಣ ಸಿಟ್ಟು, ಆಮೇಲೆ ಹೌದಲ್ವಾ ಅನ್ನುವ ನಾಚಿಕೆ, ಆಮೇಲೆ ಒಪ್ಪಿಗೆ. ಮುಂದೆ ಆ ಮನೆಯ ಯಜಮಾನ ಇನ್ನು ಬೇಡ ಅಂತ ಒಂದು ಗಿನಿಯ ಚೆಕ್ ಕಳಿಸಿ ಕೈತೊಳೆದುಕೊಳ್ಳುತ್ತಾನೆ. ಕೇಸು ದೊಡ್ಡದಾಗಿ ಬೆಳೆದು ಬಗೆಹರಿದ ಮೇಲೆ ಪ್ವಾರೋ ಅದೇ ಚೆಕ್ಕಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾನೆ, ಯಾವ ಕೇಸನ್ನೂ ಸಣ್ಣದು ಅಂತ ಬಿಡಬಾರದು ಅಂತ ತನಗೇ ನೆನಪಿರಲಿ ಎಂದು. ಐವತ್ತು ನಿಮಿಷದ ಒಂದು ಕಂತಿನಲ್ಲಿ ಇಡೀ ಮನುಷ್ಯ ಸಿಕ್ಕಿಬಿಡುತ್ತಾನೆ.

ಶುರುವಿನ ವರ್ಷಗಳ ಕಂತುಗಳು ಹಗುರ. ಹೇಸ್ಟಿಂಗ್ಸ್ ಆಗಿ ಹ್ಯೂ ಫ್ರೇಸರ್, ಇನ್‌ಸ್ಪೆಕ್ಟರ್ ಜಾಪ್ ಆಗಿ ಫಿಲಿಪ್ ಜಾಕ್ಸನ್, ಪ್ವಾರೋನ ಕಾರ್ಯದರ್ಶಿ ಮಿಸ್ ಲೆಮನ್ ಆಗಿ ಪಾಲಿನ್ ಮೊರಾನ್ ಇರುತ್ತಾರೆ. ನಾಲ್ಕು ಜನ ಸೇರಿದರೆ ಒಂದು ಮನೆಯ ಹಾಗೆ ಇರುತ್ತದೆ. 2003ರ ನಂತರದವು ಉದ್ದ, ಗಂಭೀರ, ಅವನು ಒಂಟಿ. ಎರಡೂ ಬೇಕು, ಆದರೆ ಹಗುರದಿಂದ ಶುರು ಮಾಡಿ. ನಾನು ಯಾರಿಗೇ ಹೇಳುವುದಾದರೂ ಈ ಕ್ರಮದಲ್ಲಿ ಹೇಳುತ್ತೇನೆ: ಕ್ಲಾಪಮ್ ಕುಕ್, ಆಮೇಲೆ 1992ರ 'ದಿ ಎಬಿಸಿ ಮರ್ಡರ್ಸ್', ಆಮೇಲೆ 2003ರ 'ಫೈವ್ ಲಿಟಲ್ ಪಿಗ್ಸ್'. ಈ ಮೂರನೆಯದು ಎಷ್ಟೋ ವರ್ಷ ಹಿಂದಿನ ಕೊಲೆ, ಹೊಸ ಸುಳಿವು ಒಂದೂ ಇಲ್ಲ. ಪ್ವಾರೋ ಐದು ಜನರ ಮನೆಗೆ ಹೋಗಿ ಕೂತು ಕೇಳುತ್ತಾನೆ, ಅಷ್ಟೇ. ಕೇಳುವುದನ್ನೇ ಅಭಿನಯ ಮಾಡಿದ ನಟನನ್ನು ನೋಡಬೇಕೆಂದರೆ ಇದನ್ನು ನೋಡಿ. ಎದುರಿನವರು ಸುಳ್ಳು ಹೇಳಿದಾಗ ಸೂಶೇ ಹುಬ್ಬು ಏರಿಸುವುದಿಲ್ಲ, ಕಣ್ಣು ಕಿರಿದು ಮಾಡುವುದಿಲ್ಲ. ಇನ್ನೂ ಸ್ವಲ್ಪ ಸೌಜನ್ಯ ಜಾಸ್ತಿ ಮಾಡುತ್ತಾರೆ.

ಎಲ್ಲ 70ನ್ನೂ ಹೊಗಳುತ್ತಿಲ್ಲ. 'ಅಪಾಯಿಂಟ್‌ಮೆಂಟ್ ವಿತ್ ಡೆತ್' ಕತೆಯನ್ನು ಗುರುತೇ ಸಿಗದಷ್ಟು ತಿರುಚಿದ್ದಾರೆ. 'ದಿ ಬಿಗ್ ಫೋರ್' ಕೂಡ ನಿಲ್ಲುವುದಿಲ್ಲ. ಇವನ್ನು ಬಿಟ್ಟರೆ ನಷ್ಟವಿಲ್ಲ.

ನೈಲ್ ನದಿ, ಮೂರು ಸಲ

1978ರ 'ಡೆತ್ ಆನ್ ದಿ ನೈಲ್'ನ ಉಸ್ತಿನೋವ್ ನೋಡಲಿಕ್ಕೆ ಪ್ವಾರೋ ಅಲ್ಲವೇ ಅಲ್ಲ. ದೊಡ್ಡ ಆಳು, ಮೈ ದಪ್ಪ, ಬಟ್ಟೆ ಸಡಿಲ, ಮೀಸೆಯೂ ಸಾಧಾರಣ. ಪಟ್ಟಿ ಹಿಡಿದು ಟಿಕ್ ಹಾಕುತ್ತ ಹೋದರೆ ಸೊನ್ನೆ ಬರುತ್ತದೆ. ಆದರೂ ನಾನು ಹೇಳಿದ ಆ ಒರೆಗಲ್ಲಿಗೆ ಹಚ್ಚಿದರೆ ಅವರು ಗೆಲ್ಲುತ್ತಾರೆ. ಊಟ, ಹವೆ, ಸೆಕೆ ಅಂತ ಗೊಣಗುತ್ತ ಎಲ್ಲರ ನಡುವೆ ಓಡಾಡುವ ಈ ಮುದುಕನನ್ನು ಹಡಗಿನಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನೋಡುವ ನಾವೂ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಸಲೂನಿನಲ್ಲಿ, ಅಂದರೆ ಹಡಗಿನಲ್ಲಿ ಎಲ್ಲರೂ ಸೇರುವ ದೊಡ್ಡ ಕೋಣೆಯಲ್ಲಿ, ಎಲ್ಲರನ್ನೂ ಕೂರಿಸಿ ಒಂದೊಂದೇ ಬಿಡಿಸುತ್ತ ಹೋದಾಗ ಅದೇ ಮುದುಕ ಬೇರೆಯಾಗಿ ಕಾಣುತ್ತಾನೆ.

ಅದರಲ್ಲಿ ಒಂದು ದೃಶ್ಯವಿದೆ. ಪ್ವಾರೋ ಬಚ್ಚಲುಮನೆಯಲ್ಲಿದ್ದಾನೆ, ಅಲ್ಲೊಂದು ನಾಗರಹಾವು ಹೆಡೆ ಎತ್ತಿ ನಿಂತಿದೆ. ಕೂಗುವ ಹಾಗಿಲ್ಲ, ಓಡುವ ಹಾಗಿಲ್ಲ. ಪಕ್ಕದ ಕೋಣೆಯ ಕರ್ನಲ್ ರೇಸ್ ಜೊತೆ ಮೊದಲೇ ಮಾತಾಡಿಕೊಂಡ ಹಾಗೆ ಗೋಡೆಗೆ ಮೆಲ್ಲಗೆ ತಟ್ಟುತ್ತಾನೆ. ಉಸ್ತಿನೋವ್ ಇಡೀ ಮೈ ಕಲ್ಲು ಮಾಡಿಕೊಂಡು ಬರೀ ಕಣ್ಣು ಮತ್ತು ಬೆರಳಿನಲ್ಲಿ ಆ ದೃಶ್ಯ ನಡೆಸುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಬಚ್ಚಲಿಗೆ, ಕಟ್ಟಿಗೆ ಒಟ್ಟಿದ ಕಡೆಗೆ ಹಾವು ಬರುವುದು ಹೊಸದೇನಲ್ಲ. ನಮ್ಮ ಆಯಿ ಆ ದೃಶ್ಯ ಬಂದಾಗ ಕವಳ ಹಾಕುವುದನ್ನು ನಿಲ್ಲಿಸಿ, ಹಂದಡ, ಹಂದಡ (ಅಲ್ಲಾಡಬೇಡ) ಅಂತ ಪರದೆಗೇ ಹೇಳುತ್ತಿದ್ದರು. ಭಾಷೆ ಗೊತ್ತಿಲ್ಲದವರನ್ನೂ ಹಿಡಿದು ಕೂರಿಸುವ ಶಕ್ತಿ ಆ ಸಿನಿಮಾಕ್ಕಿದೆ. ರೇಸ್ ಆಗಿ ಡೇವಿಡ್ ನಿವೆನ್, ಜೊತೆಗೆ ಬೆಟ್ಟಿ ಡೇವಿಸ್, ಮ್ಯಾಗಿ ಸ್ಮಿತ್, ಮಿಯಾ ಫ್ಯಾರೋ, ಆಂಜೆಲಾ ಲ್ಯಾನ್ಸ್‌ಬರಿ. ಹಡಗಿನ ಮ್ಯಾನೇಜರ್ ಆಗಿ ನಮ್ಮ ಐ.ಎಸ್. ಜೋಹರ್ ಇದ್ದಾರೆ, ಗಮನಿಸಿ. ಈಜಿಪ್ಟಿಗೇ ಹೋಗಿ, ನಿಜವಾದ ನದಿಯಲ್ಲಿ ನಿಜವಾದ ಉಗಿಹಡಗು ಓಡಿಸಿ ತೆಗೆದ ಚಿತ್ರ. ವಸ್ತ್ರವಿನ್ಯಾಸಕ್ಕೆ ಆಸ್ಕರ್ ಬಂತು.

2004ರ ಸೂಶೇಯದ್ದೂ ಈಜಿಪ್ಟಿನಲ್ಲೇ ಚಿತ್ರೀಕರಣವಾದದ್ದು. ಆದರೆ ಅಲ್ಲಿ ಗಮನ ಇರುವುದು ಹಡಗಿನ ವೈಭವದ ಮೇಲಲ್ಲ. ಕೊಲೆ ಆಗುವುದಕ್ಕೆ ಮೊದಲೇ ಪ್ವಾರೋ, ಪ್ರೀತಿಯಲ್ಲಿ ಮೋಸಹೋದ ಜಾಕ್ಲಿನ್ ಎಂಬ ಹುಡುಗಿಗೆ ಹೇಳುತ್ತಾನೆ, ನಿನ್ನ ಮನಸ್ಸಿನ ಬಾಗಿಲನ್ನು ಕೆಟ್ಟದ್ದಕ್ಕೆ ತೆರೆಯಬೇಡ ಅಂತ. ಪುಸ್ತಕದಲ್ಲೂ ಇದೇ ಜೀವಾಳದ ಮಾತು. ಉಸ್ತಿನೋವ್ ಇದನ್ನು ಊರಿನ ಹಿರಿಯ ಬುದ್ಧಿ ಹೇಳುವ ರೀತಿಯಲ್ಲಿ ಹೇಳುತ್ತಾರೆ. ಸೂಶೇ ಬೇಡಿಕೊಳ್ಳುತ್ತಾರೆ. ತಾನು ಒಂಟಿಯಾಗಿಯೇ ಉಳಿದವನು, ಅವಳ ನೋವು ತನಗೆ ಗೊತ್ತು ಅನ್ನುವುದು ಆ ದನಿಯಲ್ಲಿದೆ. ಎಮಿಲಿ ಬ್ಲಂಟ್ ಆಗಿನ್ನೂ ಹೊಸಬರು, ಶ್ರೀಮಂತ ಹುಡುಗಿ ಲಿನೆಟ್ ಆಗಿ ಇಲ್ಲಿದ್ದಾರೆ.

ಬ್ರಾನಾ 2022ರಲ್ಲಿ ಇದೇ ಕತೆಗೆ ಕೈಹಾಕಿದಾಗ ಪ್ವಾರೋನಿಗೇ ಒಂದು ಹಳೆ ಪ್ರೇಮದ ಕತೆ ಕಟ್ಟಿದರು. ಶುರುವಿನಲ್ಲೇ 1914ರ ಯುದ್ಧಭೂಮಿ, ಕಪ್ಪುಬಿಳುಪಿನಲ್ಲಿ. ಅಷ್ಟು ದೊಡ್ಡ ಮೀಸೆ ಯಾಕೆ ಬಿಟ್ಟ ಅನ್ನುವುದಕ್ಕೂ ಒಂದು ಕಾರಣ ಕೊಟ್ಟರು, ಮುಖದ ಗಾಯ ಮುಚ್ಚಲಿಕ್ಕೆ. ನನಗಿದು ಒಪ್ಪಿಗೆಯಾಗಲಿಲ್ಲ. ಪ್ವಾರೋನ ಮೀಸೆ ಅವನ ಸಂತೋಷ, ಅವನ ಹೆಮ್ಮೆ. ಅದಕ್ಕೆ ಗಾಯದ ನೆಪ ಬೇಕಾಗಿಲ್ಲ. ನೈಲ್ ನದಿಯನ್ನು ಬಹುಪಾಲು ಸ್ಟುಡಿಯೋ ಮತ್ತು ಕಂಪ್ಯೂಟರಿನಲ್ಲಿ ಕಟ್ಟಿದ್ದು, 1978ರದ್ದನ್ನು ನೋಡಿದ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಅಲಿ ಫಜಲ್ ಇದ್ದಾರೆ, ಚೆನ್ನಾಗಿ ಮಾಡಿದ್ದಾರೆ. ಜಾಕ್ಲಿನ್ ಆಗಿ ಎಮ್ಮಾ ಮ್ಯಾಕಿ ಎಲ್ಲರಿಗಿಂತ ಚೆನ್ನಾಗಿದ್ದಾರೆ.

ಮೂರರಲ್ಲಿ ಒಂದು ಅಂದರೆ 1978ರದ್ದು. ಇಲ್ಲಿ ಮಾತ್ರ ನಾನು ಸೂಶೇಯನ್ನು ಎರಡನೇ ಜಾಗಕ್ಕೆ ಇಡುತ್ತೇನೆ, ಯಾಕೆಂದರೆ ಇದು ಹಡಗಿನ ಕತೆ, ಗುಂಪಿನ ಕತೆ, ಆ ಗುಂಪು 1978ರದ್ದರಲ್ಲೇ ತುಂಬಿಕೊಂಡಿದೆ.

ಉಸ್ತಿನೋವ್ ಆಮೇಲೂ ಐದು ಸಲ ಪ್ವಾರೋ ಆದರು. 1982ರ 'ಈವಿಲ್ ಅಂಡರ್ ದಿ ಸನ್' ಖಂಡಿತ ನೋಡಿ, ಸಮುದ್ರದಲ್ಲಿ ಮಂಡಿವರೆಗಿನ ನೀರಿನಲ್ಲಿ ನಿಂತು ಬರೀ ಕೈ ಆಡಿಸಿ ಈಜಿದ ಹಾಗೆ ಮಾಡುವ ದೃಶ್ಯಕ್ಕಾದರೂ. ಟಿವಿಗೆ ಮಾಡಿದ ಮೂರರಲ್ಲಿ ಕತೆಯನ್ನು ಎಂಬತ್ತರ ದಶಕಕ್ಕೆ ತಂದಿದ್ದಾರೆ, ಅವು ಬೇಡ. 1985ರ 'ಥರ್ಟೀನ್ ಅಟ್ ಡಿನ್ನರ್' ಒಂದನ್ನು ಕುತೂಹಲಕ್ಕೆ ನೋಡಬಹುದು, ಅದರಲ್ಲಿ ಇನ್‌ಸ್ಪೆಕ್ಟರ್ ಜಾಪ್ ಆಗಿರುವುದು ಇದೇ ಡೇವಿಡ್ ಸೂಶೇ! ತಾನು ಮಾಡಿದ್ದರಲ್ಲಿ ತೀರಾ ಕಳಪೆ ಪಾತ್ರ ಅದು ಅಂತ ಅವರೇ ಆಮೇಲೆ ಹೇಳಿದ್ದಾರೆ.

ಹಿಮದಲ್ಲಿ ನಿಂತ ರೈಲು

ಓರಿಯಂಟ್ ಎಕ್ಸ್‌ಪ್ರೆಸ್ ಕತೆಯ ಕಷ್ಟ ಬೇರೆ. ಅಲ್ಲಿ ಕೊಲೆ ಯಾರು ಮಾಡಿದರು ಅನ್ನುವುದಕ್ಕಿಂತ, ಗೊತ್ತಾದ ಮೇಲೆ ಪ್ವಾರೋ ಏನು ಮಾಡುತ್ತಾನೆ ಅನ್ನುವುದು ದೊಡ್ಡದು. ಮೂವರು ನಟರು ಬೇರೆಯಾಗುವುದೂ ಅಲ್ಲೇ.

ಸಿಡ್ನಿ ಲ್ಯೂಮೆಟ್ 1974ರಲ್ಲಿ ಇದನ್ನು ಮಾಡಿದಾಗ ಫಿನ್ನಿಗೆ ನಲವತ್ತೂ ಆಗಿರಲಿಲ್ಲ. ಮೇಕಪ್ ಹಚ್ಚಿ, ಮೈ ತುಂಬಿಸಿ, ಕೂದಲು ಎಣ್ಣೆ ಹಾಕಿ ಬಳಿದು, ಕತ್ತನ್ನು ಹೆಗಲೊಳಗೆ ಇಳಿಸಿಕೊಂಡು ಬೇರೆಯೇ ಮನುಷ್ಯನಾಗಿದ್ದಾರೆ. ದನಿ ಸ್ವಲ್ಪ ಕರ್ಕಶ, ಕೆಲವು ಕಡೆ ಕಿರುಚಾಟ ಜಾಸ್ತಿ. ಮೊದಲ ಹತ್ತು ನಿಮಿಷ ನಿಮಗೆ ಕಿರಿಕಿರಿ ಆಗಬಹುದು. ತಾಳಿಕೊಳ್ಳಿ. ಆಮೇಲೆ ಅವರು ಒಬ್ಬೊಬ್ಬರನ್ನೇ ಕರೆದು ವಿಚಾರಣೆ ಮಾಡುವ ಕ್ರಮ ಬರುತ್ತದೆ. ಮಿಷನರಿ ಹೆಂಗಸಾಗಿ ಇಂಗ್ರಿಡ್ ಬರ್ಗ್‌ಮನ್ ಬಂದಾಗ ಆ ಇಡೀ ವಿಚಾರಣೆಯನ್ನು ಒಂದೇ ಉದ್ದನೆಯ ಶಾಟ್‌ನಲ್ಲಿ ತೆಗೆದಿದ್ದಾರೆ, ಕಟ್ ಇಲ್ಲ, ಬರ್ಗ್‌ಮನ್ ಮುಖ ಬಿಟ್ಟು ಕ್ಯಾಮೆರಾ ಹೋಗುವುದೇ ಇಲ್ಲ. ಅಷ್ಟು ಹೊತ್ತೂ ಫಿನ್ನಿ ಅವರಿಗೆ ಪೂರ್ತಿ ಜಾಗ ಬಿಟ್ಟುಕೊಡುತ್ತಾರೆ. ಬರ್ಗ್‌ಮನ್‌ಗೆ ಆ ವರ್ಷ ಪೋಷಕ ನಟಿ ಆಸ್ಕರ್ ಬಂತು, ಫಿನ್ನಿಗೆ ನಾಮನಿರ್ದೇಶನ ಸಿಕ್ಕಿತು. ಪ್ರಥಮ ಪ್ರದರ್ಶನಕ್ಕೆ ಬಂದಿದ್ದ ಕ್ರಿಸ್ಟಿಗೆ ಸಿನಿಮಾ ಹಿಡಿಸಿತು, ಬೇಸರ ಒಂದೇ, ಮೀಸೆ ಸಾಲದು ಅಂತ. ಇಂಗ್ಲೆಂಡಿನಲ್ಲೇ ಚಂದದ ಮೀಸೆ ಅಂತ ಬರೆದವರು ಅವರೇ ಅಲ್ವಾ, ಅವರ ಬೇಸರ ನ್ಯಾಯವಾದದ್ದೇ.

ಸೂಶೇಯ 2010ರದ್ದು ಪೂರ್ತಿ ಬೇರೆ ಹವೆ. ರೈಲಿನ ದೀಪ ಆರುತ್ತದೆ, ಚಳಿ ಒಳಗೆ ಬರುತ್ತದೆ, ಎಲ್ಲರ ಬಾಯಿಂದ ಉಗಿ. ಇಲ್ಲಿಯ ಪ್ವಾರೋ ಕ್ಯಾಥೊಲಿಕ್, ಮಲಗುವ ಮೊದಲು ಪ್ರಾರ್ಥನೆ ಮಾಡುವವನು, ಕಾನೂನು ಬಿಟ್ಟು ಬೇರೆ ದಾರಿ ಇಲ್ಲ ಅಂತ ನಂಬಿದವನು. ಸತ್ಯ ಗೊತ್ತಾದಾಗ ಅವನಿಗೆ ಬರುವ ಸಿಟ್ಟು ನೋಡಿದರೆ ಇಪ್ಪತ್ತು ವರ್ಷ ಸೂಶೇಯನ್ನು ನೋಡಿದವರೂ ಬೆಚ್ಚುತ್ತಾರೆ. ಕೊನೆಗೆ ಹಿಮದಲ್ಲಿ ನಡೆಯುವಾಗ ಕೈಯಲ್ಲಿ ಜಪಮಾಲೆ ಇದೆ. ಹಗುರ ಮನಸ್ಸಿನಲ್ಲಿ ನೋಡಲಿಕ್ಕೆ ಇದಲ್ಲ. ಫಿನ್ನಿಯದ್ದರಲ್ಲಿ ಕೊನೆಗೆ ಎಲ್ಲರೂ ಶಾಂಪೇನ್ ಗ್ಲಾಸು ತಾಗಿಸುತ್ತಾರೆ. ಎರಡನ್ನೂ ನೋಡಿ ಯಾವುದು ಸರಿ ಅಂತ ನೀವೇ ಯೋಚಿಸಿ. ನನಗೆ ಸೂಶೇಯ ಸಂಕಟವೇ ಸರಿ ಅನ್ನಿಸುತ್ತದೆ. ಅಂಥ ತೀರ್ಮಾನ ಮಾಡಿದವನು ಆ ರಾತ್ರಿ ಸುಖವಾಗಿ ನಿದ್ದೆ ಮಾಡಲಾರ.

ಬ್ರಾನಾರ 2017ರದ್ದು ಕಣ್ಣಿಗೆ ಹಬ್ಬ, ಅದನ್ನು ಒಪ್ಪಬೇಕು. 65 ಎಂಎಂ ಫಿಲ್ಮ್‌ನಲ್ಲಿ ತೆಗೆದದ್ದು. ಶುರುವಿನ ಜೆರುಸಲೇಮ್ ಭಾಗ ನನಗೆ ಇಷ್ಟ: ಎರಡು ಮೊಟ್ಟೆ ಒಂದೇ ಅಳತೆ ಇಲ್ಲ ಅಂತ ವಾಪಸ್ ಕಳಿಸುತ್ತಾನೆ, ಸಗಣಿಯಲ್ಲಿ ಒಂದು ಕಾಲು ಬಿದ್ದಾಗ ಸಮ ಆಗಲಿ ಅಂತ ಇನ್ನೊಂದು ಕಾಲನ್ನೂ ಇಡುತ್ತಾನೆ. ಪ್ವಾರೋನ ಹಟವನ್ನು ಎರಡೇ ಗೆರೆಯಲ್ಲಿ ಬಿಡಿಸಿದ್ದಾರೆ. ಆದರೆ ರೈಲು ಹತ್ತಿದ ಮೇಲೆ ಓಟ, ಗುದ್ದಾಟ, ಗುಂಡು. ನಿರ್ದೇಶಕರೂ ಅವರೇ ಆದ್ದರಿಂದಲೋ ಏನೋ, ಕ್ಯಾಮೆರಾ ಸುಮ್ನೆ ಸುಮ್ನೆ ಅವರ ಹತ್ತಿರವೇ ಬರುತ್ತದೆ. ಜೂಡಿ ಡೆಂಚ್, ಮಿಶೆಲ್ ಫೈಫರ್, ಪೆನೆಲೊಪಿ ಕ್ರೂಜ್ ಅಂಥವರಿಗೆ ಒಂದೆರಡು ಮಾತು ಸಿಕ್ಕಿದರೆ ಪುಣ್ಯ. ಈ ಪ್ವಾರೋನನ್ನು ಯಾರೂ ಕಡೆಗಣಿಸುವುದಿಲ್ಲ, ಜಗತ್ತಿನ ಅತಿ ದೊಡ್ಡ ಪತ್ತೇದಾರ ಅಂತ ಎಲ್ಲರಿಗೂ ಗೊತ್ತು. ನನಗೆ ತೊಡಕು ಅದೇ.

ಅವರ ಮೂರರಲ್ಲಿ ಒಳ್ಳೆಯದು ಮೂರನೆಯದು, 2023ರ 'ಎ ಹಾಂಟಿಂಗ್ ಇನ್ ವೆನಿಸ್'. ಎರಡನೇ ಮಹಾಯುದ್ಧ ಮುಗಿದ ಮೇಲಿನ ವೆನಿಸ್, ಮಳೆ ರಾತ್ರಿ, ಒಂದು ಹಳೆ ಮನೆ. ಇಲ್ಲಿ ಪ್ವಾರೋ ದಣಿದಿದ್ದಾನೆ, ತನ್ನ ಬುದ್ಧಿಯ ಮೇಲೇ ಅನುಮಾನ ಬಂದಿದೆ. ಬ್ರಾನಾ ಸಣ್ಣವರಾಗಲಿಕ್ಕೆ ಒಪ್ಪಿದ್ದು ಇಲ್ಲಿ, ಪಾತ್ರ ನಿಂತದ್ದೂ ಇಲ್ಲಿ. ಪುಸ್ತಕಕ್ಕೂ ಇದಕ್ಕೂ ಸಂಬಂಧ ಕಡಿಮೆ, ಅದು ಬೇರೆ ಮಾತು.

ಮಾಲ್ಕೊವಿಚ್ ಮತ್ತು ಉಳಿದವರು

2018ರಲ್ಲಿ ಬಿಬಿಸಿ ಮಾಡಿದ 'ದಿ ಎಬಿಸಿ ಮರ್ಡರ್ಸ್' ಮೂರು ಕಂತು. ಮಾಲ್ಕೊವಿಚ್‌ಗೆ ಆ ಮೀಸೆಯೇ ಇಲ್ಲ, ನರೆತ ಗಡ್ಡ. ಕಾಲ 1933, ಹೊರಗಿನವರು ವಾಪಸ್ ಹೋಗಲಿ ಅನ್ನುವ ಗಾಳಿ ಇಂಗ್ಲೆಂಡಿನಲ್ಲಿ ಬೀಸುತ್ತಿದೆ, ಪ್ವಾರೋನನ್ನು ಪೊಲೀಸರು ಮರೆತಿದ್ದಾರೆ. ಪುಸ್ತಕದಲ್ಲಿ ಜನ ಅವನನ್ನು ಹಗುರವಾಗಿ ಕಾಣುತ್ತಾರೆ ಅಂದೆನಲ್ಲ, ಇಲ್ಲಿ ದ್ವೇಷಿಸುತ್ತಾರೆ. ಆ ನಿರಾಶ್ರಿತನ ಅವಮಾನವನ್ನು ಇಷ್ಟು ನೇರವಾಗಿ ಬೇರೆ ಯಾರೂ ತೋರಿಸಿಲ್ಲ. ಆದರೆ ಪ್ವಾರೋನ ಲವಲವಿಕೆ, ಊಟದ ಖುಷಿ, ಸಿಂಗಾರ ಒಂದೂ ಇಲ್ಲ. ಮೊದಲ ಪರಿಚಯವೇ ಇದಾದರೆ ಪ್ವಾರೋ ಅಂದರೆ ಹೀಗೇ ಅಂದುಕೊಂಡು ಬಿಟ್ಟೀರಿ. 1992ರ ಸೂಶೇಯದ್ದನ್ನು ನೋಡಿದ ಮೇಲೆ ಇದನ್ನು ನೋಡಿ.

1931ರಲ್ಲಿ ಆಸ್ಟಿನ್ ಟ್ರೆವರ್ ಮೊದಲ ಸಲ ಪ್ವಾರೋ ಆದಾಗ ಮೀಸೆಯೇ ಇಲ್ಲದೆ ಬಂದಿದ್ದರು. 1965ರ ಟೋನಿ ರಾಂಡಲ್ ಚಿತ್ರ ಬರೀ ಹಾಸ್ಯ. 2001ರ ಆಲ್ಫ್ರೆಡ್ ಮೊಲೀನಾ ಲ್ಯಾಪ್‌ಟಾಪ್ ಕಾಲದ ಪ್ವಾರೋ. ಈ ಮೂರನ್ನೂ ದಾಟಿ ಹೋಗಿ. ಹುಡುಕಿ ನೋಡಬೇಕಾದದ್ದು ಒಂದಿದೆ. 2015ರಲ್ಲಿ ಜಪಾನಿನ ಟಿವಿಯಲ್ಲಿ ಓರಿಯಂಟ್ ಎಕ್ಸ್‌ಪ್ರೆಸ್ ಕತೆಯನ್ನು ತಮ್ಮ ದೇಶಕ್ಕೇ ಒಗ್ಗಿಸಿಕೊಂಡು ಮಾಡಿದರು, ಪತ್ತೇದಾರನಾಗಿ ನೊಮುರಾ ಮನ್ಸಾಯ್. ಅವರು ಜಪಾನಿನ ಕ್ಯೋಗೆನ್ ರಂಗಪರಂಪರೆಯ ಕಲಾವಿದರು. ತಲೆ ತಿರುಗಿಸುವುದು, ದನಿ ಎಳೆಯುವುದು ಎಲ್ಲ ರಂಗಸ್ಥಳದ್ದೇ. ಆಟ ನೋಡಿ ಬೆಳೆದ ಕಣ್ಣಿಗೆ ಅದು ಬೇಗ ಹಿಡಿಸುತ್ತದೆ.

ಯಾರ ಮನೆಗೆ ಯಾವುದು

ಚಳಿಗಾಲದಲ್ಲಿ ಅಡಿಕೆ ಸುಲಿಯುವಾಗ ಟಿವಿ ಹಚ್ಚಿಡುವ ರೂಢಿ ನಮ್ಮಲ್ಲಿದೆ. ಆ ಹೊತ್ತಿಗೆ ಪ್ವಾರೋ ಹಚ್ಚುವುದಾದರೆ ಎಚ್ಚರ. ಮೆಟ್ಟುಗತ್ತಿ ಮುಂದೆ ಕೂತವರು ಸಬ್‌ಟೈಟಲ್ ಓದಲಿಕ್ಕೆ ಕಣ್ಣು ಎತ್ತಬಾರದು. ಇಂಗ್ಲಿಷ್ ಕಿವಿಯಲ್ಲೇ ಅರ್ಥವಾಗುವವರು ಇದ್ದರೆ ಸೂಶೇಯ ಹಳೆ ಐವತ್ತು ನಿಮಿಷದ ಕಂತುಗಳು ಒಳ್ಳೆಯದು, ಅವರ ಮಾತು ನಿಧಾನ, ಒಂದೊಂದು ಶಬ್ದವೂ ಬಿಡಿಬಿಡಿಯಾಗಿ ಕೇಳುತ್ತದೆ. ಬ್ರಾನಾರದ್ದರಲ್ಲಿ ಸಂಗೀತ, ಗದ್ದಲದ ನಡುವೆ ಮಾತು ಹೂತುಹೋಗುತ್ತದೆ, ಸಬ್‌ಟೈಟಲ್ ಬೇಕೇ ಬೇಕು.

ಜೂನ್ ಜುಲೈನಲ್ಲಿ ಘಟ್ಟದ ಮೇಲೆ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಎರಡು ಗಂಟೆ ಮೀರಿದ ನೈಲ್ ಸಿನಿಮಾ ಶುರು ಮಾಡಿ ಸಲೂನಿನ ದೃಶ್ಯಕ್ಕೆ ಸರಿಯಾಗಿ ಎಲ್ಲ ಆರಿಹೋದರೆ ಆ ಸಂಕಟ ಬೇಡ. ಮಳೆಗಾಲಕ್ಕೆ ಸಣ್ಣ ಕಂತು, ಬೇಸಿಗೆ ರಜೆಗೆ ದೊಡ್ಡ ಸಿನಿಮಾ. ಮೊದಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕಿನ ಚಿಂತೆಯೂ ಇಲ್ಲ.

ರಜೆಗೆ ಬಂದ ಮಕ್ಕಳಿದ್ದರೆ 'ಈವಿಲ್ ಅಂಡರ್ ದಿ ಸನ್'. ಹತ್ತು ಹನ್ನೆರಡು ವರ್ಷದವರಿಗೆ ಕ್ಲಾಪಮ್ ಕುಕ್ ಕೂಡ ಹಿಡಿಸುತ್ತದೆ. ವೆನಿಸ್ ಸಿನಿಮಾ ಸಣ್ಣವರಿಗೆ ರಾತ್ರಿ ತೋರಿಸಬೇಡಿ, ನಿಜವಾಗಿ ಹೆದರುತ್ತಾರೆ. ಬ್ರಾನಾರ ಎರಡು ಸಿನಿಮಾ ನೋಡಿ ಪ್ವಾರೋ ಅಂದರೆ ಇಷ್ಟೇನಾ ಅಂತ ಬಿಟ್ಟ ಕಾಲೇಜು ಹುಡುಗ ಹುಡುಗಿಯರು ನಿಮ್ಮ ಮನೆಯಲ್ಲಿದ್ದರೆ ಅವರಿಗೆ 'ಫೈವ್ ಲಿಟಲ್ ಪಿಗ್ಸ್' ಹಾಕಿಕೊಡಿ.

ಪ್ವಾರೋನ ಕೊನೆಯ ಕತೆ 'ಕರ್ಟನ್' ಮಾತ್ರ ಕೊನೆಗೇ ಇಡಿ. ಕ್ರಿಸ್ಟಿ ಅದನ್ನು 1975ರಲ್ಲಿ ಪ್ರಕಟಿಸಿದಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕಲ್ಪನೆಯ ಮನುಷ್ಯನಿಗೆ ಮೊದಲ ಪುಟದಲ್ಲಿ ನಿಧನವಾರ್ತೆ ಹಾಕಿತ್ತು. ಸೂಶೇ ಅದಕ್ಕಾಗಿ ಮೈ ಇಳಿಸಿಕೊಂಡರು. ಕೊನೆಯ ಐದು ಕತೆಗಳಲ್ಲಿ ಅದನ್ನೇ ಮೊದಲು ಚಿತ್ರೀಕರಿಸಿ ಮುಗಿಸಿದರು, ಕೊನೆಯ ದಿನದ ಕೆಲಸ ಪ್ವಾರೋ ಗಟ್ಟಿಯಾಗಿ ಓಡಾಡುವ ಕತೆಯದ್ದೇ ಆಗಿರಲಿ ಅಂತ. ಹಾಗಾಗಿ ಅವರ ಕೊನೆಯ ಚಿತ್ರೀಕರಣ 'ಡೆಡ್ ಮ್ಯಾನ್ಸ್ ಫಾಲಿ'ಗೆ ನಡೆಯಿತು, ಡೆವನ್‌ನಲ್ಲಿ ಕ್ರಿಸ್ಟಿಯ ಸ್ವಂತ ಮನೆಯಾಗಿದ್ದ ಗ್ರೀನ್‌ವೇಯಲ್ಲಿ. ನೀವೂ ಹತ್ತಿಪ್ಪತ್ತು ಕಂತಾದರೂ ನೋಡಿದ ಮೇಲೆ 'ಕರ್ಟನ್'ಗೆ ಬನ್ನಿ, ಇಲ್ಲದಿದ್ದರೆ ಅದು ತಟ್ಟುವುದಿಲ್ಲ.

ಇನ್ನೊಂದು ವಿಷಯ. 1926ರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಕತೆಯನ್ನು ಯಾರದ್ದೂ ನೋಡಬೇಡಿ, ಸೂಶೇಯದ್ದೂ ಬೇಡ. 2000ದಲ್ಲಿ ಅವರು ಮಾಡಿದ್ದು ಚೆನ್ನಾಗಿ ಬರಲಿಲ್ಲ, ಅದರಲ್ಲಿ ಅವರ ತಪ್ಪಿಲ್ಲ. ಆ ಕತೆಯ ಕೈಚಳಕ ಇರುವುದೇ ಬರೆದ ರೀತಿಯಲ್ಲಿ, ಕ್ಯಾಮೆರಾ ಇಟ್ಟ ಕೂಡಲೇ ಅದು ಹೋಗುತ್ತದೆ. ಅದೊಂದನ್ನು ಪುಸ್ತಕ ತಂದು ಓದಿ, ಓದಿ ಮುಗಿಯುವವರೆಗೆ ಯಾರ ಹತ್ತಿರವೂ ಅದರ ಬಗ್ಗೆ ಮಾತಾಡಬೇಡಿ.